ನಾಗದಾಳಿ ಹಚ್ಚಿದ ಕೈ

ನಮ್ಮ ದೊಡ್ಡಮ್ಮನಿಗೆ ಯಾರ ಮಾತೂ ಹಿಡಿಸುತ್ತಿರಲಿಲ್ಲ. ಅವಳ ಹಿತ್ತಲಿನ ನಾಗದಾಳಿಯ ಬಗ್ಗೆ ಯಾರಾದರೂ ಸೊಲ್ಲೆತ್ತಿದರಂತೂ ಮುಗಿಯಿತು, ಅವರ ಏಳು ತಲೆಮಾರಿನ ಜನ್ಮ ಜಾಲಾಡಿ ಬಿಡುತ್ತಿದ್ದಳು. ನನ್ನ ಅಮ್ಮನ ಅಕ್ಕ ಅವಳು, ಪಕ್ಕದ ಮನೆಯಲ್ಲೇ ಇದ್ದಳು. ಬೀದಿಯವರಿಗೆಲ್ಲ ಸೊಪ್ಪಿನಜ್ಜಿ.

ನಾಗದಾಳಿ ಎಂದರೆ ಮೊಣಕಾಲೆತ್ತರದ ಪೊದೆ. ಬೂದಿ ಬಳಿದಂಥ ಪುಟ್ಟ ಎಲೆ, ಮೂಗಿಗೆ ಹೊಡೆಯುವ ಘಾಟು. ಮೂಲದಲ್ಲಿ ಯುರೋಪಿನ ಕಡೆಯದಂತೆ. ಕಡ್ಡಿ ಚುಚ್ಚಿದರೆ ಚಿಗುರುತ್ತದೆ, ನೀರು ನಿಂತರೆ ಬೇರು ಕೊಳೆಯುತ್ತದೆ. ದೊಡ್ಡಮ್ಮ ಮಣ್ಣಿಗೆ ಮರಳು, ಇಟ್ಟಿಗೆ ಚೂರು ಬೆರೆಸಿ, ಏರಿ ಕಟ್ಟಿ ಸಾಲಾಗಿ ನೆಟ್ಟಿದ್ದಳು. ಹೂ ಬಿಡುವ ಮುಂಚೆಯೇ ಕೊಯ್ದು, ಕಟ್ಟು ಕಟ್ಟಿ ಔಷಧಿ ಸಾಮಾನಿನ ಅಂಗಡಿಗೆ ಹಾಕುತ್ತಿದ್ದಳು. ಗಂಡ ಸತ್ತ ಮೇಲೆ ಮಗನನ್ನು ಸಾಕಿದ್ದು ಇದೇ ಗಿಡ. ಕಿವಿನೋವಿಗೆ ಎಲೆ ಹಾಕಿ ಕಾಯಿಸಿದ ಎಣ್ಣೆ, ಕೀಲುನೋವಿಗೂ ಅದೇ ಎಣ್ಣೆ, ಮಕ್ಕಳ ಶೀತಕ್ಕೆ ಎಲೆ ಹಿಸುಕಿ ಬೆನ್ನಿಗೆ, ಹೆಗಲಿಗೆ ಉಜ್ಜುವುದು. ಬಸುರಿಯರು ಬಂದರೆ ಮಾತ್ರ ಬಾಗಿಲಿಂದಲೇ ಸಾಗಹಾಕುತ್ತಿದ್ದಳು. ಗರ್ಭಕ್ಕೆ ಅದು ಆಗದೆಂದು ಗೊತ್ತಿತ್ತು. ಅಷ್ಟು ಗೊತ್ತಿದ್ದವಳಿಗೆ ಇನ್ನೊಂದು ಗೊತ್ತಿರಲಿಲ್ಲ, ಅದೇ ಅವಳ ಗ್ರಹಚಾರ.

ಬಿಸಿಲಲ್ಲಿ ಕೊಯ್ದರೆ ನಾಗದಾಳಿ ಮೈ ಸುಡುತ್ತದೆ ಎಂಬುದು ಅವಳ ತಾಯಿಯಿಂದ ಬಂದ ತಿಳಿವಳಿಕೆ. ಬಿಸಿಲಲ್ಲಿ ಗಿಡಕ್ಕೆ ಸಿಟ್ಟು, ಬೆಳಕು ಹರಿಯುವ ಮುಂಚೆ ಕೊಯ್ದ ಸೊಪ್ಪು ಹಸುವಿನಷ್ಟು ಸಾಧು ಎನ್ನುತ್ತಿದ್ದಳು. ಹಾಗೇ ನಸುಕಿನಲ್ಲಿ ಕೊಯ್ದು, ಹಗಲೆಲ್ಲ ಒಳಕೋಣೆಯಲ್ಲಿ ಕೂತು ಕಟ್ಟು ಕಟ್ಟುತ್ತಿದ್ದಳು. ರಸ ಮೆತ್ತಿದ ಅವಳ ಕೈ ಬಿಸಿಲು ಕಂಡದ್ದೇ ಇಲ್ಲ. ಸೊಪ್ಪು ಹಚ್ಚಿಸಿಕೊಂಡ ಮಕ್ಕಳೂ ಹೆಚ್ಚಾಗಿ ಹೊದ್ದು ಮಲಗಿರುತ್ತಿದ್ದವರು. ಕೊಯ್ಯುವ ಹೊತ್ತು ಯಾವುದಾದರೇನು, ರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಡುತ್ತದೆ ಎಂಬುದು ಹೀಗಾಗಿ ಬಯಲಾಗಲೇ ಇಲ್ಲ. ಯಾರಾದರೂ ತಾಯಿ ಬಂದು ಮಗುವಿನ ಬೆನ್ನ ಮೇಲಿನ ಕಂದು ಕಲೆ ತೋರಿಸಿದರೆ, ಎಳೇ ಮೈಯನ್ನು ಬಿಸಿಲಿಗೆ ಬಿಟ್ಟರೆ ಇನ್ನೇನಾಗುತ್ತದೆ ಎಂದು ಅವಳನ್ನೇ ಬೈದು ಕಳಿಸುತ್ತಿದ್ದಳು.

ಮೊಮ್ಮಗಳೆಂದರೆ ಅವಳಿಗೆ ಪ್ರಾಣ. ಸೊಸೆ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಮಗ ಲಾರಿ ಓಡಿಸುವವನು, ನೆಂಟನ ಹಾಗೆ ಬಂದು ಹೋಗುತ್ತಿದ್ದ. ಶಾಲೆಯಲ್ಲಿ ಆಟೋಟದ ದಿನ, ಬೆಳಿಗ್ಗೆ ಹುಡುಗಿಗೆ ಕೆಮ್ಮು. ಹೋಗಬೇಡವೆಂದರೆ ಅತ್ತು ರಂಪ ಮಾಡಿದಳು. ಕೊನೆಗೆ ದೊಡ್ಡಮ್ಮ ಸೊಪ್ಪು ಹಿಸುಕಿ ಎರಡೂ ಹೆಗಲಿಗೆ ಗಟ್ಟಿಯಾಗಿ ಉಜ್ಜಿ, ತೋಳಿಲ್ಲದ ಆಟದ ಅಂಗಿ ತೊಡಿಸಿ ಕಳಿಸಿದಳು. ಹುಡುಗಿ ದಿನವಿಡೀ ಬಯಲಲ್ಲಿ ಓಡಿದಳು.

ಮಾರನೆಯ ದಿನ ಹೆಗಲು ಕೆಂಪಾಯಿತು. ಆಮೇಲೆ ನೀರು ತುಂಬಿದ ಗುಳ್ಳೆಗಳೆದ್ದವು, ಉಜ್ಜಿದ ಕೈಯ ಅಚ್ಚಿನಂತೆ ಬೆರಳು ಬೆರಳಾಗಿ. ದೊಡ್ಡಮ್ಮ ಮಾಡಿದ್ದೇನು? ಅದೇ ಸೊಪ್ಪನ್ನು ಅರೆದು ಗುಳ್ಳೆಗಳ ಸುತ್ತ ಮೆತ್ತಿ, ಒಣಗಲೆಂದು ಮಗುವನ್ನು ಮೆಟ್ಟಿಲ ಮೇಲೆ ಬಿಸಿಲಿಗೆ ಕೂರಿಸಿದಳು.

ಶಾಲೆಯ ಟೀಚರ್ ನೋಡಿ ಹೌಹಾರಿ ಆಸ್ಪತ್ರೆಗೆ ಕರೆದೊಯ್ದರು. ಎರಡೂ ಹೆಗಲಲ್ಲಿ ದೊಡ್ಡವರ ಕೈಯ ಅಚ್ಚು. ಯಾರೋ ಹಿಡಿದುಕೊಂಡು ಸುಟ್ಟಿದ್ದಾರೆಂದು ಡಾಕ್ಟರಿಗೆ ಅನುಮಾನ. ಯಾರ ಕೈ ಎಂದು ಕೇಳಿದರೆ ಹುಡುಗಿ ಅಜ್ಜಿಯದು ಎಂದಳು. ದೊಡ್ಡಮ್ಮನೂ ಸುಳ್ಳು ಹೇಳಲಿಲ್ಲ. ಕೈ ನನ್ನದೇ, ಹಚ್ಚಿದ್ದು ಸೊಪ್ಪು, ನಸುಕಿನ ಸೊಪ್ಪು ಸುಡುವುದಿಲ್ಲ ಎಂದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು. ಮಕ್ಕಳ ರಕ್ಷಣೆಯ ಅಧಿಕಾರಿಗಳು ಬಂದು ಹುಡುಗಿಯನ್ನು ಆಸ್ಪತ್ರೆಯಿಂದ ನೇರ ಮಕ್ಕಳ ಆಶ್ರಯಕ್ಕೆ ಸೇರಿಸಿದರು. ವಿಚಾರಣೆ ಮುಗಿಯುವವರೆಗೆ ಅಜ್ಜಿ ಅತ್ತ ಸುಳಿಯುವಂತಿಲ್ಲ, ತಪ್ಪು ಸಾಬೀತಾದರೆ ಮಗು ಇನ್ನು ಆ ಮನೆಗೆ ಬರುವಂತಿಲ್ಲ.

ಸುದ್ದಿ ತಿಳಿದು ಮಗ ಓಡಿ ಬಂದ. ನಾನು ಅಲ್ಲೇ ಬಾಗಿಲಲ್ಲಿದ್ದೆ.

“ಅಮ್ಮಾ, ಸಿಟ್ಟಲ್ಲಿ ಏನಾದ್ರೂ ಮಾಡಿದ್ರೆ ಹೇಳ್ಬಿಡು. ನಾನೇನೂ ಅನ್ನಲ್ಲ” ಎಂದ.

ಹೊತ್ತು ಹೆತ್ತ ಮಗನೇ ಹಾಗೆಂದಾಗ ದೊಡ್ಡಮ್ಮ ದಡಕ್ಕನೆ ಎದ್ದಳು. ಒಳಗಿನಿಂದ ಒಂದು ಹಿಡಿ ಸೊಪ್ಪು ತಂದು, ಎಡತೋಳಿಗೆ ಉಜ್ಜಿಕೊಂಡು, ನಡುಹಗಲ ಬಿಸಿಲಲ್ಲಿ ಮಗು ಕೂತಿದ್ದ ಮೆಟ್ಟಿಲ ಮೇಲೇ ಕೂತಳು.

“ನಸುಕಲ್ಲಿ ಕೊಯ್ದಿದ್ದು. ಏನೂ ಆಗಲ್ಲ, ನೋಡ್ತಿರು.”

ಗಿಡದ ತಪ್ಪಿಲ್ಲವೆಂದು ತೋರಿಸುವುದಷ್ಟೇ ಅವಳ ಹಟ. ಗಿಡದ ತಪ್ಪಿಲ್ಲವೆಂದಾದರೆ ತಪ್ಪು ತನ್ನ ತಲೆಗೇ ಬರುತ್ತದೆಂಬುದು ಆ ಪುಣ್ಯಾತ್ಗಿತ್ತಿಗೆ ಹೊಳೆದೇ ಇರಲಿಲ್ಲ.

ಮಾರನೆಯ ದಿನ ತೋಳು ಕೆಂಪಾಯಿತು, ಆಮೇಲೆ ಗುಳ್ಳೆ ಎದ್ದವು. ಮಗುವಿಗೆ ಎದ್ದಂತೆಯೇ, ಬೆರಳು ಬೆರಳಾಗಿ. ಮಗ ಅವಳನ್ನು ಎಳೆದುಕೊಂಡು ಹೋಗಿ ಆ ತೋಳನ್ನು ಡಾಕ್ಟರಿಗೆ ತೋರಿಸಿದ. ಅವರು ಚರ್ಮದ ಡಾಕ್ಟರನ್ನು ವಿಚಾರಿಸಿ, ಗಿಡದ್ದೇ ಕೆಲಸ ಎಂದರು, ಮಗುವನ್ನು ಮನೆಗೆ ಕಳಿಸಬಹುದು ಎಂದು ಅಧಿಕಾರಿಗಳಿಗೆ ಬರೆದುಕೊಟ್ಟರು. ಸದ್ಯ, ಬದುಕಿದೆವು ಎಂದು ನಾವೆಲ್ಲ ಉಸಿರು ಬಿಟ್ಟೆವು. ಅವಳು ಮಾತ್ರ ತೋಳನ್ನೇ ನೋಡುತ್ತ ಕೂತಿದ್ದಳು. “ಎಷ್ಟು ಮಕ್ಕಳಿಗೆ ಹಚ್ಚಿದೀನೇ ನಾನು” ಎಂದು ಕೇಳಿದಳು. ನನ್ನ ಬೆನ್ನಿನ ಕಲೆಯ ವಿಷಯ ನಾನು ಎತ್ತಲಿಲ್ಲ.

ಮೊಮ್ಮಗಳು ಬರುವಷ್ಟರಲ್ಲಿ ಹಿತ್ತಲಲ್ಲಿ ಒಂದು ಕಡ್ಡಿಯೂ ಉಳಿದಿರಲಿಲ್ಲ. ಎಲ್ಲವನ್ನೂ ಬೇರು ಸಮೇತ ಕಿತ್ತು ಹೂತುಬಿಟ್ಟಿದ್ದಳು. ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಳು. ಹುಡುಗಿ ಅಪ್ಪನ ಬೆನ್ನ ಹಿಂದೆ ಸರಿದು ಕೇಳಿದಳು:

“ಅಜ್ಜಿ, ಕೈ ತೊಳ್ಕೊಂಡ್ಯಾ?”

ತೊಳೆದುಕೊಂಡು ಬಂದಳು. ಅಲ್ಲಿಂದ ಮುಂದೆ ಅದೇ ಆಯಿತು. ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದಳು, ಮನೆಗೆ ಬಂದರೆ ಮತ್ತೆ ಕೈ ತೊಳೆಯುವಳು. ಜಡೆ ಹಾಕುವ ಮುಂಚೆ, ತುತ್ತು ಕೊಡುವ ಮುಂಚೆ, ಹೊದಿಕೆ ಸರಿಪಡಿಸುವ ಮುಂಚೆ. ಬೆರಳ ಸಂದಿ ಬಿರಿದು ರಕ್ತ ಬಂದರೂ ಬಿಡಲಿಲ್ಲ. ಸಾಕು ಮಾಡು ಮಾರಾಯ್ತಿ ಎಂದು ನಾನು ರೇಗಿದ್ದೂ ಉಂಟು. ಹುಡುಗಿ ಬೆಳೆಯುತ್ತ ಬೆಳೆಯುತ್ತ ಕೇಳುವುದನ್ನು ಮರೆತಳು. ಹೆಗಲ ಕಲೆಯೂ ಮಾಸಿತು.

ಕೊನೆಗಾಲಕ್ಕೆ ದೊಡ್ಡಮ್ಮ ಆಸ್ಪತ್ರೆಯಲ್ಲಿ, ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದಳು. ಮೊಮ್ಮಗಳು ಕೆಲಸ ಮುಗಿಸಿ ನೇರ ಬಂದು ಮಂಚದ ಅಂಚಿನಲ್ಲಿ ಕೂತು ಅಜ್ಜಿಯ ಕೈ ಹಿಡಿಯಹೋದಳು. ದೊಡ್ಡಮ್ಮ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

“ಮುಟ್ಬೇಡ ಮಗಳೇ” ಎಂದಳು. “ಇವತ್ತು ಯಾರೂ ನನ್ ಕೈ ತೊಳ್ಸಿಲ್ಲ.”