ಹಳೇ ದಸ್ತಗೀರ, ಹೊಸ ದಸ್ತಗೀರ

ನನಗೆ ಸಂಗೀತ ತಿಳಿಯುವುದಿಲ್ಲ. ಮಗ ಕ್ಲಾರಿನೆಟ್ ಊದುವವನು. ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಯಾವ ಮದುವೆಮನೆಯಲ್ಲಿ ದಸ್ತಗೀರ ಎಂದರೂ ಕುರ್ಚಿ ಹಾಕುತ್ತಾರೆ. ಆದರೂ ಅವನು ಚೆನ್ನಾಗಿ ಊದಿದ್ದು ಯಾವುದು, ಸುಮಾರಾಗಿ ಊದಿದ್ದು ಯಾವುದು ಎಂದು ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಸದ್ದು ನಿಂತರೆ ಮುಗಿಯಿತು ಎಂದು ತಿಳಿಯುತ್ತದೆ, ಅಷ್ಟೇ. ಹೆತ್ತವಳ ಕಿವಿ ಇಷ್ಟು ಮಂದವಾಗಿರಬಾರದಿತ್ತು. ಹಾಗಿದ್ದದ್ದರಿಂದಲೇ, ಮಗ ಸತ್ತು ಎರಡು ವರ್ಷವಾದರೂ ಮುದುಕಿಗೆ ಗೊತ್ತಾಗಿಲ್ಲ ಎಂದು ಜನ ಆಡಿಕೊಂಡರು.

ಅವನು ಸತ್ತಿರಲಿಲ್ಲ. ದಿನವೂ ನಮ್ಮ ಮನೆಯ ಹೊಸಿಲು ದಾಟಿ ಒಳಗೆ ಬರುತ್ತಿದ್ದ, ಚಪ್ಪಲಿಯನ್ನು ನಡುದಾರಿಯಲ್ಲಿ ಬಿಡುತ್ತಿದ್ದ, ನನ್ನಿಂದ ಬೈಸಿಕೊಳ್ಳುತ್ತಿದ್ದ. ಆದರೆ ಊರಿನವರ ಲೆಕ್ಕದಲ್ಲಿ ಹೀಗೆ ಬರುತ್ತಿದ್ದವನು ಬೇರೆ. ನಿಜವಾದ ದಸ್ತಗೀರ ಬಂಡೀಪುರದ ಕಾಡಿನಲ್ಲಿ ವ್ಯಾನು ಮಗುಚಿ ಹೋಗಿಬಿಟ್ಟಿದ್ದಾನೆ. ಬ್ಯಾಂಡ್ ಸೆಟ್ಟು ಮುಚ್ಚಬಾರದೆಂದು, ಸತ್ಯಮಂಗಲದಲ್ಲಿ ನೆಂಟರ ಮನೆಯಲ್ಲಿ ಬೆಳೆಯುತ್ತಿದ್ದ ಅವನ ಅವಳಿಯನ್ನು ಕರೆತಂದು ಕೆಂಪು ಕೋಟು ತೊಡಿಸಿದ್ದಾರೆ. ಹೀಗೆಂದು ಕತೆ. ನಾನು ಒಂದನ್ನು ಹೆರುವುದಕ್ಕೇ ಮೂರು ದಿನ ಒದ್ದಾಡಿದವಳು. ಇನ್ನೊಂದು ಯಾವಾಗ ಹುಟ್ಟಿತು, ಯಾರು ಸತ್ಯಮಂಗಲದ ಬಸ್ಸು ಹತ್ತಿಸಿದರು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ನಡೆದದ್ದು ಇಷ್ಟು. ಸುಲ್ತಾನ್ ಬತ್ತೇರಿಯ ಮದುವೆ ಮುಗಿಸಿಕೊಂಡು ಬರುವಾಗ ಜಿಂಕೆಗಳು ಅಡ್ಡ ಬಂದು ಡ್ರೈವರು ಬ್ರೇಕು ಒತ್ತಿದ. ತೂಕಡಿಸುತ್ತಿದ್ದ ನನ್ನ ಮಗನ ಬಾಯಿ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯಿತು. ಮೇಲಿನ ನಾಲ್ಕು ಹಲ್ಲು ಹೋದವು. ಕ್ಲಾರಿನೆಟ್ಟಿನ ತುದಿ ಕೂರುವುದೇ ಆ ಹಲ್ಲುಗಳ ಮೇಲೆ. ಅವಿಲ್ಲದ ಕ್ಲಾರಿನೆಟ್ಟಿನವನೆಂದರೆ ಬೆರಳಿಲ್ಲದ ದರ್ಜಿ, ಯಾರು ಕರೆಯುತ್ತಾರೆ? ಮೈಸೂರಿನಲ್ಲಿ ಹೆಂಡತಿಯ ತವರಿನಲ್ಲಿ ಮೂರು ತಿಂಗಳಿದ್ದು ಹಲ್ಲು ಕಟ್ಟಿಸಿಕೊಂಡ, ತುಟಿಯ ಗಾಯ ಮುಚ್ಚಲು ದಪ್ಪ ಮೀಸೆ ಬಿಟ್ಟ. ನಾವೂ ಬ್ಯಾಂಡಿನವರೂ ಸೇರಿ ಊರಿಗೆಲ್ಲ ಕಾಮಾಲೆ ಎಂದು ಹೇಳಿದೆವು. ಹಲ್ಲಿನ ವಿಷಯ ಹೊರಗೆ ಬಿದ್ದರೆ ಕ್ಲಾರಿನೆಟ್ಟನ್ನು ಒಲೆಗೆ ಹಾಕುತ್ತೇನೆ ಎಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡ. ಕೊಟ್ಟೆ. ಕಾಮಾಲೆ ಬಂದು ಹೋದವನ ಕಣ್ಣು ಹಳದಿಯಾಗಿರಲಿಲ್ಲವಲ್ಲ ಎಂದು ಜನ ಯೋಚಿಸಿದ್ದು ಆಮೇಲೆ.

ಈ ಕತೆ ಹುಟ್ಟಿಸಿದವನು ಹಗೆಯವನಲ್ಲ. ಈರುಳ್ಳಿ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ ಮಾದೇವ. ಹರದನಹಳ್ಳಿಯವನು. ದಸ್ತಗೀರನ ಬ್ಯಾಂಡು ಎಲ್ಲಿದೆ ಎಂದರೆ ಅಲ್ಲಿಗೆ, ಕರೆಯದ ಮದುವೆಗೂ ಸೈಕಲ್ ತುಳಿದು ಹೋಗುತ್ತಿದ್ದವನು. ತನ್ನ ಮದುವೆಯ ದಿನ ಹುಡುಗಿಯನ್ನು ನೋಡದೆ ಕ್ಲಾರಿನೆಟ್ಟನ್ನೇ ನೋಡುತ್ತ ನಿಂತನೆಂದು ಅವನ ಹೆಂಡತಿ ಇನ್ನೂ ಅನ್ನುತ್ತಾಳೆ. ಮಂಡಿಯಲ್ಲಿ ಅವನಂಥವರು ಎಂಟು ಹತ್ತು ಜನರಿದ್ದರು. ಹಗೆಯವನಿಗಾದರೆ ಈ ಅನುಮಾನ ಬರುತ್ತಲೇ ಇರಲಿಲ್ಲ, ಅವನು ಇಷ್ಟು ಹತ್ತಿರದಿಂದ ನೋಡುವುದಿಲ್ಲ.

ಜನ ಹೀಗೆ ಅನುಮಾನ ಪಡುವುದು ನನಗೆ ಹೊಸದಲ್ಲ. ನನ್ನ ಗಂಡ ಪಾತ್ರೆಗೆ ಕಲಾಯಿ ಹಾಕುತ್ತಿದ್ದ, ನಾನು ತಿದಿ ಒತ್ತುತ್ತಿದ್ದೆ. ಅವನು ಹೋದ ಮೇಲೆ ಎರಡೂ ನಾನೇ. ಸ್ಟೀಲು ಬಂದು ಕಸುಬು ಸಾಯುವವರೆಗೆ ಊರಿಗೆಲ್ಲ ನಾನು ಕಲಾಯಿ ಬೂಬಮ್ಮ. ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ಸವರಿ, ಬಟ್ಟೆಯಲ್ಲಿ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹಾಗೆ ಆಗುತ್ತದೆ. ಸಂಜೆ ಮನೆಯೊಡತಿ ಬಂದು ಅದನ್ನು ನೋಡಿ, 'ಇದು ನಮ್ ತಪ್ಪಲೆ ಅಲ್ಲ, ಬದ್ಲಾಯ್ಸಿದ್ದೀಯ' ಎಂದು ಜಗಳಕ್ಕೆ ನಿಲ್ಲುತ್ತಿದ್ದಳು. ಕರ್ರಗಿದ್ದಾಗ ತನ್ನದು, ಹೊಳೆದರೆ ಬೇರೆಯವರದು! ಅದಕ್ಕೇ ಎಲ್ಲರೂ ಪಾತ್ರೆಯ ಕತ್ತಿನ ಮೇಲೆ ಹೆಸರು ಕೊರೆಸುತ್ತಿದ್ದರು. ಯಾರದು ಯಾರಿಗೆ ಎಂದು ತಿಳಿಯಲು ಆ ಹೆಸರುಗಳನ್ನು ಕೂಡಿಸಿ ಕೂಡಿಸಿ ನಾನು ಅಕ್ಷರ ಕಲಿತದ್ದು. ಶಾಲೆಗೆ ಹೋದವಳಲ್ಲ. ನನ್ನ ಬರಹ ಸ್ವಲ್ಪ ಗಡುಸಾಗಿದ್ದರೆ ಅದು ತಾಮ್ರದ ತಪ್ಪು. ಮಗನ ಕತ್ತಿನ ಮೇಲೆ ಮಾತ್ರ ಯಾರೂ ಏನೂ ಕೊರೆದಿರಲಿಲ್ಲ.

ಒಂದು ದಿನ ಬಸ್ ನಿಲ್ದಾಣದ ಹತ್ತಿರದ ಸಿಡಿ ಅಂಗಡಿಗೆ ಹೋದೆ. ಮದುವೆಯ ಸಿಡಿಗಳನ್ನು ಅಲ್ಲಿ ಓಡಿಸಿ ನಿಲ್ಲಿಸಿ, ಓಡಿಸಿ ನಿಲ್ಲಿಸಿ, ನನ್ನ ಮಗನ ಮುಖ ಅಳೆಯುತ್ತಿದ್ದಾರೆಂದು ಗೊತ್ತಾಗಿತ್ತು. ಬೈದು ಬರೋಣವೆಂದು ಹೋದವಳು ಸ್ಟೂಲಿನ ಮೇಲೆ ಕೂತುಬಿಟ್ಟೆ. ಟೀವಿಯಲ್ಲಿ ದಸ್ತಗೀರ ಅರ್ಧ ಊದಿ ನಿಂತಿದ್ದ.

ಮಾದೇವ ಬೆರಳಿಟ್ಟು ತೋರಿಸಿದ. 'ನೋಡು ಬೂಬಮ್ಮ, ಇದು ಹಳೇದು. ಕಣ್ ಮುಚ್ಕಂಡು ಊದ್ತಾವ್ನೆ. ಇದು ಓದ್ವರ್ಸದ್ದು. ಕಣ್ ಬುಟ್ಕಂಡವ್ನೆ. ಅವನ್ಗೆ ಎಡಗಡೆ ಕೆನ್ನೆ ಉಬ್ಬದು, ಇವನ್ಗೆ ಎಲ್ಡೂ ಉಬ್ತದೆ. ಅವ್ನು ಹಾಡಿಗೊಂದ್ ಬೀಡಾ ಹಾಕವ್ನು, ಇವ್ನು ಮುಟ್ಟಲ್ಲ. ನಗದೂ ಇಲ್ಲ. ನಮ್ ದಸ್ತಗೀರ ನಗ್ದೆ ಇದ್ದದ್ದ ಯಾರಾರ ನೋಡಿದ್ದೀರ?'

ಒಂದೂ ಸುಳ್ಳಲ್ಲ. ಹಲ್ಲು ಸಡಿಲ, ಅದು ಜಾರೀತೆಂದು ಕಣ್ಣು ಬಿಟ್ಟು ಊದುತ್ತಿದ್ದ. ಅದೇ ಭಯಕ್ಕೆ ಬೀಡಾ ಬಿಟ್ಟಿದ್ದ, ನಗುವನ್ನೂ ಬಿಟ್ಟಿದ್ದ. ಅವರು ಕಂಡದ್ದೆಲ್ಲ ಇದ್ದದ್ದೇ. ಕಂಡದ್ದಕ್ಕೆ ಕಾರಣ ಮಾತ್ರ ನನ್ನ ಬಾಯಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಅವನು ಮೊದಲು ಕಣ್ಣು ಮುಚ್ಚಿ ಊದುತ್ತಿದ್ದ ಎನ್ನುವುದೇ ನನಗೆ ಅಲ್ಲಿ ಗೊತ್ತಾಯಿತು.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಎರಡು ಮುಖವನ್ನು ಮತ್ತೆ ಮತ್ತೆ ತೋರಿಸಿದಾಗ ಒಂದು ಗಳಿಗೆ ನನಗೂ ಅನುಮಾನ ಬಂತು. ಆ ಮೂರು ತಿಂಗಳು ನಾನು ಮೈಸೂರಿಗೆ ಹೋಗಿರಲಿಲ್ಲ. ಹಲ್ಲಿನ ಕತೆಯನ್ನೂ ಅವನೂ ಬ್ಯಾಂಡಿನವರೂ ಹೇಳಿದ್ದಕ್ಕೆ ನಂಬಿದವಳು ನಾನು. ಮನೆಗೆ ಬಂದು, ಅವನು ಊಟಕ್ಕೆ ಕೂತಾಗ ಬಲಗಿವಿಯ ಹಿಂದೆ ಬಗ್ಗಿ ನೋಡಿದೆ. ಎರಡು ವರ್ಷದ ಮಗುವಾಗಿದ್ದಾಗ ಕಾದ ತವರದ ಹನಿ ಸಿಡಿದ ಗುರುತು ಅಲ್ಲೇ ಇತ್ತು. 'ಏನು ನೋಡ್ತೀಯ?' ಎಂದ. ಹೇನು ಎಂದೆ. ಆವತ್ತಿನಿಂದ ಮಾದೇವನನ್ನು ಬೈಯುವ ದನಿ ಸ್ವಲ್ಪ ಇಳಿಯಿತು.

ಆದರೆ ಮಾತು ಸಿಡಿ ಅಂಗಡಿಯಲ್ಲಿ ನಿಲ್ಲಲಿಲ್ಲ. ಎರಡು ಮದುವೆಯವರು ಬ್ಯಾಂಡಿಗೆ ಕೊಟ್ಟಿದ್ದ ವೀಳ್ಯದ ಮುಂಗಡ ವಾಪಸ್ಸು ತೆಗೆದುಕೊಂಡರು. ಸತ್ತವನ ಹೆಸರು ಹೇಳಿಕೊಂಡು ಊದುವವನು ಚಪ್ಪರದ ಕೆಳಗೆ ಬೇಡ, ಅಪಶಕುನ ಎಂದರಂತೆ. ಇನ್ನೊಂದು ಮದುವೆ ಹೀಗಾದರೆ ನಾವು ಬೇರೆ ಸೆಟ್ಟು ನೋಡಿಕೊಳ್ಳುತ್ತೇವೆ ಎಂದು ಬ್ಯಾಂಡಿನ ಎಂಟು ಜನರೂ ಹೇಳಿಬಿಟ್ಟರು. ಆ ಇನ್ನೊಂದು ಮದುವೆ ಹರದನಹಳ್ಳಿಯದು. ಮಾದೇವನ ತಂಗಿಯದೇ. ಬ್ಯಾಂಡು ಹೇಳಿದ್ದು ಅವನ ಅಪ್ಪ, ಮಗನನ್ನು ಕೇಳದೆ. ಆ ಮನೆಯ ಹಂಡೆ ಕೊಪ್ಪರಿಗೆಗೆಲ್ಲ ಹಿಂದೆ ಕಲಾಯಿ ಹಾಕಿದವಳೆಂದು ನನ್ನನ್ನೂ ಕರೆದಿದ್ದರು. ನಾನು ಬ್ಯಾಂಡಿನ ವ್ಯಾನಿನಲ್ಲೇ ಹೋದೆ. ದಾರಿಯುದ್ದಕ್ಕೂ ಮಗ ನಾಲಿಗೆಯಲ್ಲಿ ಹಲ್ಲನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ.

ಗಂಡಿನ ಕಡೆಯವರು ಬಿಸಿಲು ಇಳಿಯುವ ಮುಂಚೆ ಬಂದರು. ಚಪ್ಪರದ ಬಾಗಿಲಲ್ಲಿ ಗಂಡಿನ ಕಾಲಿಗೆ ನೀರು ಹುಯ್ಯುವ ಶಾಸ್ತ್ರ. ದಸ್ತಗೀರನ ಹೆಸರು ಹಬ್ಬಿದ್ದೇ ಆ ಶಾಸ್ತ್ರದಲ್ಲಿ. ನೀರು ಬೀಳಲು ಶುರುವಾದಾಗ ಮೇಲಿನ ಸ್ವರ ಒಂದನ್ನು ಹಿಡಿದರೆ, ಚೊಂಬು ಬರಿದಾಗುವವರೆಗೆ ಒಂದೇ ಉಸಿರು. ಆ ಮೂರು ತಿಂಗಳಾದ ಮೇಲೆ ಅದನ್ನು ಅವನು ಊದಿರಲಿಲ್ಲ. ಡೋಲಿನ ಸದ್ದಿನಲ್ಲಿ ಮುಚ್ಚಿ ದಾಟಿಸುತ್ತಿದ್ದ.

ಮಾದೇವ ಬಾಗಿಲಿಗೆ ಅಡ್ಡ ನಿಂತ. ಮಂಡಿಯ ಹಮಾಲರೆಲ್ಲ ಹಿಂದೆ. ಡೋಲಿನವನ ಕೈ ಹಿಡಿದು ನಿಲ್ಲಿಸಿ, 'ನೀನ್ ತಡ್ಕ. ಅವನೊಬ್ನೇ ಊದ್ಲಿ. ಆ ಉಸ್ರು ಬರ್ಲಿ, ಆಮ್ಯಾಕೆ ಗಂಡು ಒಳೀಕ್ ಬರ್ಲಿ' ಎಂದ. ಚೊಂಬು ಹಿಡಿದ ಹುಡುಗಿ ಹಾಗೇ ನಿಂತಳು. ಮದುಮಗ ಒಂದು ಕಾಲು ಚಪ್ಪಲಿಯಿಂದ ತೆಗೆದು, ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದಿದ್ದ.

ದಸ್ತಗೀರ ಊದಿದ. ನನಗೇ ಗೊತ್ತಾಯಿತು ಎಂದರೆ ನೋಡಿ. ಸದ್ದು ಏರಿತು, ಟಕ್ ಎಂದು ಏನೋ ಜಾರಿತು, ಗಾಳಿ ಸೀಳಿಕೊಂಡು ಹೋಯಿತು. ಅವನು ತುಟಿ ಬಿಗಿದು ತಲೆ ತಗ್ಗಿಸಿದ.

'ನೋಡುದ್ರಾ!' ಎಂದ ಮಾದೇವ. ಗೆದ್ದವನ ಮುಖವಲ್ಲ ಅದು. ಗಂಡಿನ ಕಡೆಯ ಹಿರಿಯನೊಬ್ಬ, 'ಯಾನ್ರಯ್ಯಾ ಇದು, ನಮ್ನ ಬೀದೀಲಿ ನಿಲ್ಸಕೆ ಕರುಸ್ಕಂಡ್ರಾ? ತಿರುಗ್ಸಿ ಬಸ್ಸ' ಎಂದು ಕೂಗಿದ. ನಮ್ಮ ಬ್ಯಾಂಡಿನವರಲ್ಲಿ ಇಬ್ಬರು ಆಗಲೇ ಕೋಟಿನ ಗುಂಡಿ ಬಿಚ್ಚುತ್ತಿದ್ದರು. ಆಗ ಮಾದೇವ ನನ್ನ ಕಡೆ ತಿರುಗಿದ.

'ಬೂಬಮ್ಮ, ನೀನೇ ಯೋಳು. ಅವನ್ ತಲೆ ಮ್ಯಾಲೆ ಕಯ್ ಮಡಗಿ ಆಣೆ ಮಾಡಿ ಯೋಳು, ಇವ್ನು ನೀನ್ ಹೆತ್ ಮಗನೇ ಅಂತ.'

ಆಣೆ ಮಾಡಬಹುದಿತ್ತು. ನಿಜದ ಆಣೆಯೇ. ಆದರೆ ತಾಯಿ ಸುಳ್ಳು ಹೇಳುತ್ತಾಳೆ ಎನ್ನಲು ಅವರಿಗೆ ಎಷ್ಟು ಹೊತ್ತು? ಮಗ ನನ್ನನ್ನು ನೋಡಿದ. ಏನು ಹೇಳಲು ಹೊರಟಿದ್ದೇನೆಂದು ಅವನಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. 'ನಕ್ಕೊ ಅಮ್ಮಾ' ಎಂದ ಮೆಲ್ಲಗೆ, ಬೇಡ ಎಂದು ನಮ್ಮ ಮನೆಮಾತಿನಲ್ಲಿ.

'ಆಣೆ ಗೀಣೆ ಇಲ್ಲ ಕಣಯ್ಯ,' ಎಂದೆ. 'ಅವನ ಬಾಯಿ ತೆಗ್ಸಿ ನೋಡು. ಮೇಲಿನ ನಾಕು ಹಲ್ಲು ಕಟ್ಸಿದ್ದು. ಬಂಡೀಪುರ್ದಲ್ಲಿ ಬಿದ್ದೋದೊ. ಕಾಮಾಲೆ ಅಂದಿದ್ದು ಸುಳ್ಳು.'

ದಸ್ತಗೀರ ನನ್ನ ಕಡೆ ನೋಡಲಿಲ್ಲ. ಬಾಯಿಗೆ ಕೈ ಹಾಕಿ ಹಲ್ಲಿನ ಕಟ್ಟನ್ನು ಕಿತ್ತು, ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿ, ಕೆಂಪು ಕೋಟಿನ ಜೇಬಿಗೆ ಹಾಕಿಕೊಂಡ. ಮುಖ ಒಮ್ಮೆಲೇ ನನ್ನ ಗಂಡನ ಮುಖವಾಯಿತು.

'ಹಲ್ಲಾ?' ಎಂದ ಮಾದೇವ. 'ಬರೀ ಹಲ್ಲಾ? ಲೋ, ಎಲ್ಡ್ ಮಾರ್ನೋಮಿಗೆ ನಿಂಗೆ ಎಡೆ ಇಕ್ಕಿವ್ನಿ ಕಣ್ಲಾ!'

ಮಾರ್ನೋಮಿಯಲ್ಲಿ ಅವರು ಮನೆಯ ಸತ್ತವರಿಗೆ ಎಲೆ ಹಾಕಿ ಇಷ್ಟದ್ದನ್ನೆಲ್ಲ ಬಡಿಸಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ತನ್ನ ತಾತನ ಎಲೆಯ ಪಕ್ಕದಲ್ಲಿ ಒಬ್ಬ ಸಾಬರ ಕ್ಲಾರಿನೆಟ್ಟಿನವನಿಗೂ ಎಲೆ ಹಾಕಿದ್ದ. ಒಂದು ಲೋಟ ಟೀ, ಖಾರಾಬೂಂದಿ, ಒಂದು ಬೀಡಾ.

ನನ್ನ ಮಗ ಆ ಬೊಚ್ಚು ಬಾಯಿ ಬಿಟ್ಟು ನಕ್ಕ. ಎರಡು ವರ್ಷದ ಮೇಲೆ. 'ಬೀಡಾನೂ ಇಕ್ಕಿದ್ಯಾ? ನಾನ್ ಅಗ್ದೇ ಎಲ್ಡ್ ವರ್ಸ ಆಯ್ತು. ಅದ್ನಾರ ನೋಡ್ಬಾರ್ದಾ?'

'ನೋಡ್ದೆ ಕಣ್ಲಾ! ಅದ್ಕೇ ನೀನಲ್ಲ ಅಂದದ್ದು!'

ಆಮೇಲೆ ದಸ್ತಗೀರ ತುಟಿ ಒಳಕ್ಕೆ ಮಡಚಿ, ವಸಡಿನ ಮೇಲೆ ಕ್ಲಾರಿನೆಟ್ ಇಟ್ಟು ಊದಿದ. ಹೇಗಿತ್ತೆಂದು ನನ್ನನ್ನು ಕೇಳಬೇಡಿ. ಉಸಿರು ಸೋರುತ್ತಿತ್ತು, ಹೆಚ್ಚು ಹೊತ್ತು ನಿಲ್ಲಲಾರದು ಎಂದು ಅಲ್ಲಿದ್ದವರಿಗೆಲ್ಲ ತಿಳಿಯಿತು. ನಾನು ಕಂಡದ್ದು ಇಷ್ಟು: ಮಾದೇವ ಚೊಂಬಿನ ಹುಡುಗಿಗೆ 'ಬಗ್ಸು, ಬಗ್ಸು' ಎಂದು ಕೈಸನ್ನೆ ಮಾಡಿದ. ಅವಳು ಗಡಗಡನೆ ಬಗ್ಗಿಸಿದಳು. ಮದುಮಗನ ಪಂಚೆ ಮಂಡಿಯವರೆಗೆ ನೆಂದಿತು. ನೀರೂ ಸದ್ದೂ ಒಟ್ಟಿಗೇ ಮುಗಿದವು.

ಬ್ಯಾಂಡು ಒಡೆಯಲಿಲ್ಲ. ಕೆಲವರು ಕರೆಯುವುದು ಬಿಟ್ಟರು, ಕೆಲವರು ಬಿಡಲಿಲ್ಲ. ಮೇಲಿನ ಸ್ವರಗಳನ್ನು ಈಗ ಟ್ರಂಪೆಟ್ಟಿನವನು ಊದುತ್ತಾನೆ. ಆದರೆ ಮಗ ನನ್ನೊಡನೆ ಮಾತು ಬಿಟ್ಟ. ಒಂದು ದಿನ, ಎರಡು ದಿನ, ಹನ್ನೊಂದು ದಿನ. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ಎದ್ದು ಹೋಗುತ್ತಿದ್ದ. ನಾನೂ ಕ್ಷಮಿಸು ಎನ್ನಲಿಲ್ಲ. ಕೊಟ್ಟ ಮಾತು ಮುರಿದಿದ್ದೆ, ಅದು ಸರಿ. ಮತ್ತೆ ಅಂಥ ಹೊತ್ತು ಬಂದರೆ ಮತ್ತೆ ಮುರಿಯುತ್ತಿದ್ದೆ, ಅದೂ ಸರಿ.

ಹನ್ನೆರಡನೆಯ ದಿನ ಡೋಲಿನವನು ನಗುತ್ತ ಬಂದ. ಮಂಡಿಯ ಎದುರಿನ ಟೀ ಅಂಗಡಿಯಲ್ಲಿ ಹೊಸ ಮಾತು ಹುಟ್ಟಿದೆಯಂತೆ. ಹಮಾಲನೊಬ್ಬ ಎತ್ತಿದನಂತೆ: 'ಹೆತ್ ತಾಯಿ ಆಗಿದ್ರೆ ಅಷ್ಟ್ ಜನದ್ ಮುಂದೆ ಮಗನ್ ಬಾಯಿ ಬುಡುಸ್ತಿದ್ಲಾ? ಆ ಮುದ್ಕೀನೇ ಬ್ಯಾರೆ ಕಣ್ರುಲಾ. ಅಸ್ಲಿ ಕಲಾಯಿ ಬೂಬಮ್ಮ ಯಾವತ್ತೋ ಓಗ್ಬುಟ್ಟವ್ಳೆ.' ಮಾದೇವ ಗಲ್ಲ ತುರಿಸಿಕೊಂಡು ಯೋಚನೆಗೆ ಬಿದ್ದನಂತೆ. ಮೂಲೆಯಲ್ಲಿ ಬನ್ನನ್ನು ಟೀಯಲ್ಲಿ ಅದ್ದುತ್ತಿದ್ದ ದಸ್ತಗೀರ ತಲೆ ಎತ್ತದೆ ಹೇಳಿದನಂತೆ:

'ಅವ್ಳೇ ಕಣ್ಲಾ, ನಮ್ಮಮ್ಮನೇ. ಅಂತಾ ಕೆಟ್ ಬಾಯಿ ಇನ್ನೊಂದ ಸತ್ಯಮಂಗಲ್ದಲ್ಲೂ ಸಿಕ್ಕಲ್ಲ.'

ಅಂದರೆ ಆಣೆಯಿಲ್ಲದೆ, ಯಾರೂ ಕೇಳದೆ, ಬೈದು ಗುರುತು ಹಿಡಿದ. ಆವತ್ತು ಸಂಜೆ ಬಂದವನು ಚಪ್ಪಲಿಯ ವಿಷಯಕ್ಕೆ ನಾನು ಬಾಯಿ ತೆರೆಯುವ ಮುಂಚೆಯೇ, 'ಸಾರಿಗೆ ಉಪ್ಪು ಹಾಕಿದ್ದೀಯೋ, ನಿನ್ನೆಯ ಹಾಗೇ ಮಾಡಿದ್ದೀಯೋ?' ಎಂದ. ಹಾಕಿದ್ದೆ. ಇಲ್ಲವೆಂದು ಹೇಳಿ, ಇನ್ನಷ್ಟು ಬೈಸಿಕೊಂಡೆ.