ಭಾವನ ಗಾಲಿಗೊಂದು ಹಾದಿ

ನಗರಸಭೆಯ ರಸ್ತೆ ವಿಭಾಗದಲ್ಲಿ ಅವನು ಮೇಸ್ತ್ರಿ. ಮಕ್ಕಳ ಬಾಯಲ್ಲಿ ಮಾತ್ರ ತೇಪೆ ಮಾಮ. ಹರಿದ ಅಂಗಿಗೆ ಹಾಕುವಂತೆ ರಸ್ತೆಗೆ ತೇಪೆ ಹಾಕುತ್ತಲೇ ಕೂದಲು ನರೆತ ಮನುಷ್ಯ. ಆ ಹೆಸರಿನ ಬಗ್ಗೆ ಅವನಿಗೇನೂ ಬೇಸರವಿರಲಿಲ್ಲ. "ರಿಪೇರಿ ಮಾಮ ಅಂದಿದ್ರೆ ಮನೇಲಿ ಕೆಟ್ಟ ಮಿಕ್ಸಿನೂ ತಂದು ಕೊಡ್ತಿದ್ರು. ಇದೇ ವಾಸಿ" ಎಂದು ನಗುತ್ತಿದ್ದ.

ಅವನ ಪಾಲಿನ ಬೀದಿಗಳಲ್ಲೆಲ್ಲ ತೀರಾ ಹದಗೆಟ್ಟದ್ದು ಹಳೇ ಗಿರಣಿಯ ಹಿಂದಿನ ಬೀದಿ. ಗಿರಣಿ ಮುಚ್ಚಿತು, ಕೆಲಸಗಾರರ ಮನೆಗಳು ಉಳಿದವು, ಬೀದಿ ನಗರಸಭೆಯ ಕೊರಳಿಗೆ ಬಿತ್ತು. ಬಸ್ಸು ಓಡದ ಬೀದಿಗೆ ಹಣ ಎಲ್ಲಿಂದ ಬರಬೇಕು? ದೊಡ್ಡ ರಸ್ತೆಗಳಿಗೆ ಸುರಿದು ಲಾರಿಯ ತಳದಲ್ಲಿ ಮಿಕ್ಕ ಡಾಂಬರು ಜಲ್ಲಿ, ಮಳೆಗಾಲ ಕಳೆದ ಮೇಲೆ ಒಮ್ಮೆ ಇತ್ತ ಬರುತ್ತಿತ್ತು. ಅದು ತಣ್ಣಗಾಗುವುದರೊಳಗೆ ಯಾವ ಗುಂಡಿಗೆ ಯೋಗ ಕೂಡಿಬಂದಿದೆ ಎಂದು ಮೇಸ್ತ್ರಿ ತೀರ್ಮಾನಿಸಬೇಕು. ಹೊಗೆಯಾಡುವ ಲಾರಿ ಕಂಡಿತೋ ಇಲ್ಲವೋ, ಜನ ಬಾಗಿಲಿಗೆ ಬಂದು ತಮ್ಮ ತಮ್ಮ ಗುಂಡಿಯ ಗುಣಗಾನ ಶುರು ಮಾಡುತ್ತಿದ್ದರು.

ಅದೇ ಬೀದಿಯಲ್ಲಿ ಅವನ ಸ್ವಂತ ಅಕ್ಕನ ಮನೆ. ಭಾವ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರು, ಮಾತಿನ ಮಲ್ಲ. ಸಂಜೆ ಬೀದಿಯ ಕೊನೆಯ ಕ್ಷೌರದಂಗಡಿಯ ಬೆಂಚಿನಲ್ಲಿ ಕೂತು ಲೋಕದ ವ್ಯವಹಾರವನ್ನೆಲ್ಲ ಇತ್ಯರ್ಥ ಮಾಡದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಆ ವರ್ಷ ಸಕ್ಕರೆ ಕಾಯಿಲೆ ಅವರ ಒಂದು ಕಾಲನ್ನು ತೆಗೆದುಕೊಂಡಿತು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಬಂದವರಿಗೆ ಗೇಟಿನಾಚೆ ಹೋಗಲಾಗಲಿಲ್ಲ. ಮುಂದಿನ ಪುಟ್ಟ ಗಾಲಿ ಗುಂಡಿಗಿಳಿದು ಕುರ್ಚಿಯೇ ಮುಗ್ಗರಿಸುತ್ತಿತ್ತು. ಭಾವ ಕಿಟಕಿಯ ಹತ್ತಿರ ಕೂತರು. ಮಾತು ಕಡಿಮೆಯಾಯಿತು.

ಲಾರಿ ಬರುವ ಹಿಂದಿನ ದಿನ ಅಕ್ಕ ತಮ್ಮನನ್ನು ಹಿಡಿದು ನಿಲ್ಲಿಸಿದಳು. "ಇಷ್ಟು ವರ್ಷದಲ್ಲಿ ನಿನ್ನ ಏನಾದ್ರೂ ಕೇಳಿದ್ದೀನೇನೋ? ಈ ಸಲ ನಮ್ಮ ಗೇಟಿಂದ ಶುರು ಮಾಡು. ನಿಮ್ಮ ಭಾವನ ಮುಖ ನೋಡೋಕಾಗ್ತಿಲ್ಲ."

"ಆಗಲಿ ಅಕ್ಕ" ಎಂದ.

ಬೆಳಗಾಗುವಷ್ಟರಲ್ಲಿ ಬೀದಿಯ ಬಾಯಲ್ಲೇ ನೀರಿನ ಪೈಪು ಒಡೆದು ರಸ್ತೆ ಕುಸಿದಿತ್ತು. ಆಟೋ ಕೂಡ ಒಳಗೆ ಬರುವಂತಿಲ್ಲ. ಒಳಗಿನ ಮನೆಯೊಂದರಲ್ಲಿ ತುಂಬು ಬಸುರಿ. ಪೈಪು ಸರಿಪಡಿಸಿದ ಮೇಲೆ ಇಟ್ಟಿಗೆ ಚೂರು ತುಂಬಿ, ಡಾಂಬರು ಹರಡಿ, ದಿಮ್ಮಿಸಿ ಮುಗಿಸಿದಾಗ ಲಾರಿ ಬರಿದಾಗಿತ್ತು. ಖಾಲಿ ಬಾಂಡ್ಲಿ ಹಿಡಿದು ಗೇಟಿನ ಮುಂದೆ ನಿಂತ ತಮ್ಮನನ್ನು ಅಕ್ಕ ಮೇಲಿಂದ ಕೆಳಗೆ ನೋಡಿದಳು.

"ಹೋಗು. ನಿನ್ನ ರಸ್ತೆನೇ ಅಕ್ಕಾ ಅಂತ ಕರಿ" ಎಂದು ಬಾಗಿಲು ಹಾಕಿಕೊಂಡಳು.

ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ತಾನು ಮಾಡಿದ್ದು ಸರಿ ಎಂದು ಅವನಿಗೆ ಗೊತ್ತಿತ್ತು. ಆದರೂ ಕಿಟಕಿಯಲ್ಲಿ ಭಾವನ ಮುಖ ಕಂಡಾಗೆಲ್ಲ ತಲೆ ತಗ್ಗಿಸಿ ದಾಟಿಹೋಗುತ್ತಿದ್ದ.

ಹೀಗಿರುವಾಗ ನಗರಸಭೆಯ ಗೋದಾಮಿನ ಹಿಂದೆ, ಮಾರುಕಟ್ಟೆಯ ಹಳೇ ಫುಟ್‌ಪಾತಿನಿಂದ ಕಿತ್ತು ತಂದ ಕಲ್ಲು ಚಪ್ಪಡಿಗಳ ರಾಶಿ ಅವನ ಕಣ್ಣಿಗೆ ಬಿತ್ತು. ನೇರ ಎಂಜಿನಿಯರಮ್ಮನ ಬಳಿ ಹೋದ.

"ಮೇಡಂ, ಆ ಕಲ್ಲು ಯಾರಿಗಾದ್ರೂ ಬೇಕಾ?"

"ಯಾರಿಗೂ ಬೇಡ, ತಗೊಂಡು ಹೋಗಿ ಮೇಸ್ತ್ರಿ. ಲಾರಿಲಿ ಒಂದು ಟ್ರಿಪ್ ಹಾಕಿಸ್ತೀನಿ. ಕೂಲಿಗೆ ಜನ ಮಾತ್ರ ಕೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಭಾನುವಾರ ಅವನೊಬ್ಬನೇ ಹಾರೆ ಹಿಡಿದು ಅಕ್ಕನ ಗೇಟಿನಿಂದ ಅಗೆಯತೊಡಗಿದ. ಇಡೀ ರಸ್ತೆಯಲ್ಲ, ಒಂದು ಕುರ್ಚಿ ಸಾಗುವಷ್ಟು ಅಗಲ. ಸ್ವಲ್ಪ ಹೊತ್ತಿಗೆ ಕ್ಷೌರದವನು ಗುದ್ದಲಿ ಹೊತ್ತು ಬಂದ. "ಅವರಿಲ್ದೆ ಅಂಗಡಿ ಬಿಕೋ ಅಂತಿದೆ ಕಣ್ರೀ. ಕೂದಲು ಕತ್ತರಿಸೋ ಸದ್ದು ನನಗೇ ಕೇಳಿಸುತ್ತೆ!" ಅವನ ಹಿಂದೆ, ಆಗಷ್ಟೇ ಅಪ್ಪನಾಗಿದ್ದ ಪಕ್ಕದ ಮನೆಯವನೂ ಬಂದು ಮರಳು ಹೊರತೊಡಗಿದ.

ಭಾವ ತಾವೇ ಕುರ್ಚಿ ತಳ್ಳಿಕೊಂಡು ಗೇಟಿಗೆ ಬಂದರು, ಕಲ್ಲು ಸಮ ಕೂತಿದೆಯೇ ಎಂದು ನೋಡುವ ರಸಮಟ್ಟವನ್ನು ಮೇಸ್ತ್ರಿಯಿಂದ ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡರು, ಕೂಡಿಸಿದ ಕಲ್ಲಿನ ಮೇಲೆ ಕುರ್ಚಿ ಹತ್ತಿಸಿ ಪರೀಕ್ಷಿಸಿದರು.

"ಮೇಸ್ತ್ರಿಗಳೇ, ಈ ಕಲ್ಲು ಎಡಕ್ಕೆ ಸೊಟ್ಟಗಿದೆ. ಥೇಟ್ ನಿಮ್ಮಕ್ಕನ ಮೂತಿ!"

ಎಷ್ಟೋ ದಿನದ ಮೇಲೆ ಅವರ ಕೊಂಕು ಕೇಳಿ ಎಲ್ಲರೂ ನಕ್ಕರು. ಒಳಗಿನಿಂದ ಅಕ್ಕ ದಡದಡ ಬಂದಳು.

"ತಲೆ ಮೇಲೊಂದು ಬಟ್ಟೆ ಇಲ್ದೆ ಈ ಬಿಸಿಲಲ್ಲಿ ಸಾಯ್ಬೇಕು ಅಂತಿದ್ದೀಯೇನೋ, ಬುದ್ಧಿಗೇಡಿ? ಬಾ, ನೀರು ಕುಡಿ!"

ಆ ಬೈಗುಳ ಕಿವಿಗೆ ಬಿದ್ದು ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು.

ಹಾದಿ ಒಂದೇ ದಿನಕ್ಕೆ ಮುಗಿಯಲಿಲ್ಲ. ಭಾನುವಾರ ಎಲ್ಲಿಯವರೆಗೆ ಕಲ್ಲು ಕೂತಿತೋ, ವಾರವಿಡೀ ಭಾವ ಅಲ್ಲಿಯವರೆಗೆ ಹೋಗಿ, ಕೊನೆಯ ಕಲ್ಲಿನ ಮೇಲೆ ಕುರ್ಚಿ ನಿಲ್ಲಿಸಿಕೊಂಡು, ಎದುರು ಮನೆಯವರನ್ನು ಹೊರಗೆ ಕರೆದು ಹರಟುತ್ತಿದ್ದರು. ಹೀಗೆ ಒಂದೊಂದೇ ಮನೆ ದಾಟುತ್ತಾ ಕ್ಷೌರದಂಗಡಿ ಮುಟ್ಟಿದರು.

ಡಾಂಬರು ಈಗಲೂ ಕಿತ್ತುಬರುತ್ತದೆ, ಮಿಕ್ಕಿದ್ದು ಹೊತ್ತ ಲಾರಿ ಈಗಲೂ ಬರುತ್ತದೆ. ಕಲ್ಲಿನ ಹಾದಿಯ ಮೇಲೆ ಮಾತ್ರ ಕೂಸಿನ ತಳ್ಳುಗಾಡಿ, ತರಕಾರಿ ಗಾಡಿ, ಗ್ಯಾಸ್ ಸಿಲಿಂಡರು ಎಲ್ಲದರ ಓಡಾಟ. ಭಾವ ಕುರ್ಚಿಗೊಂದು ಸೈಕಲ್ ಬೆಲ್ಲು ಹಾಕಿಸಿಕೊಂಡಿದ್ದಾರೆ. "ನನಗೋಸ್ಕರ ಹಾಕಿದ ಹಾದೀಲಿ ನನಗೇ ಜಾಗ ಇಲ್ವಲ್ಲೋ!" ಎಂದು ಬೆಲ್ಲು ಬಾರಿಸುತ್ತಾ ದೂರು ಹೇಳಲು ಅವರು ಹುಡುಕುವುದು ಮೇಸ್ತ್ರಿಯನ್ನೇ.