ಸಹಿ ಮಾಡದ ದಿನ

ಅಪಾಯದ ರೋಗಾಣುಗಳನ್ನು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಹೊರಗಿನ ಗಾಳಿ ಒಳಗೆ ಹೋಗಬೇಕು, ಒಳಗಿನದು ಸೋಸದೆ ಹೊರಗೆ ಬರಬಾರದು. ಅದನ್ನು ನೋಡಿ ಪ್ರಮಾಣಪತ್ರಕ್ಕೆ ಸಹಿ ಮಾಡುವುದು ನನ್ನ ಕೆಲಸ. ಊರೂರು ತಿರುಗುವ ನನಗೆ, ಸೊಲ್ಲಾಪುರದ ಆಸ್ಪತ್ರೆಯಲ್ಲೇ ಕ್ಷಯರೋಗದ ಅಂಥದೊಂದು ಪ್ರಯೋಗಾಲಯ ಕಟ್ಟುತ್ತಿದ್ದಾರೆಂದು ತಿಳಿದಾಗ ಖುಷಿಯಾಗಿತ್ತು. ಅಕ್ಕಲಕೋಟೆಯ ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗಿಬರಬಹುದಿತ್ತು.

ಅಲ್ಲಿ ಕಫ ಪರೀಕ್ಷೆ ಮಾಡುವ ಹೆಂಗಸೊಬ್ಬರಿದ್ದರು. ವಳಸಂಗದವರು, ನನ್ನ ಬಸ್ಸನ್ನೇ ದಾರಿಯಲ್ಲಿ ಹತ್ತುತ್ತಿದ್ದರು. ಆಸ್ಪತ್ರೆಯಲ್ಲಿ ಎಲ್ಲರೊಡನೆ ಮರಾಠಿ, ನನ್ನೊಡನೆ ಮಾತ್ರ ಕನ್ನಡ. ನನ್ನನ್ನು ತಮ್ಮಾ ಎನ್ನುತ್ತಿದ್ದರು, ನಾನು ಅಕ್ಕಾ ಎನ್ನುತ್ತಿದ್ದೆ. ಹೊಸ ಕೋಣೆ ಸಿದ್ಧವಾಗುವವರೆಗೆ ಅವರದು ಹಳೆಯ ಕೋಣೆಯಲ್ಲೇ ಕೆಲಸ. ಅಲ್ಲಿದ್ದದ್ದು ಒಂದು ಕಿಟಕಿ, ಒಂದು ಫ್ಯಾನು.

ಪರೀಕ್ಷೆಯ ದಿನ ಎಲ್ಲವೂ ಸರಿಯಿತ್ತು. ಕೊನೆಗೆ ಬೇಕೆಂದೇ ಕರೆಂಟು ತೆಗೆಸಿ, ಕಾರಿಡಾರಿನಲ್ಲಿ ಕೂತು ಗಾಳಿಯ ದಿಕ್ಕು ನೋಡಲು ಬಾಗಿಲ ಸಂದಿಗೆ ಹೊಗೆಯ ಕಡ್ಡಿ ಹಿಡಿದೆ. ಜನರೇಟರ್ ಶುರುವಾಯಿತು. ಗಾಳಿ ಒಳಗೆ ತಳ್ಳುವ ಫ್ಯಾನು ಮೊದಲು ತಿರುಗಿತು, ಹೊರಗೆ ಎಳೆಯುವುದು ತಡವಾಗಿ. ಒಳಗೆ ಹೋಗುತ್ತಿದ್ದ ಹೊಗೆ ತಿರುಗಿ ನನ್ನ ಮುಖಕ್ಕೇ ಬಂತು. ಇನ್ನೆರಡು ಸಲ ಮಾಡಿ ನೋಡಿದೆ. ಹಾಗೇ ಆಯಿತು.

ಸಹಿ ಮಾಡಲಿಲ್ಲ. ಫ್ಯಾನುಗಳನ್ನು ನಡೆಸುವ ಕಂಟ್ರೋಲ್ ಪ್ಯಾನೆಲ್ ಬದಲಿಸಬೇಕೆಂದು ಬರೆದೆ. ಅದಕ್ಕೆ ಮಂಜೂರಿ, ಟೆಂಡರು. ತಿಂಗಳುಗಟ್ಟಲೆ ಹಿಡಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಬಂದು ಪಕ್ಕದಲ್ಲಿ ನಿಂತು, ಹೊಗೆ ಎಷ್ಟು ಹೊತ್ತು ಹೊರಗೆ ಬಂತೆಂದು ಕೇಳಿದರು. ಹತ್ತು ಹನ್ನೆರಡು ಸೆಕೆಂಡು ಎಂದೆ.

“ನಾ ಹಳೀ ಖೋಲ್ಯಾಗ ದಿನಾ ಎಂಟ ತಾಸ ಅಂಥಾ ಗಾಳ್ಯಾಗ ಕುಂಡ್ರತೀನಿ, ತಮ್ಮಾ. ಅದಕಿಂತ ಇದು ಕೆಟ್ಟ ಅದ ಏನ?”

ಕಾರಿಡಾರಿನಲ್ಲಿ ಓಡಾಡುವವರಿಗೆ ಮಾಸ್ಕ್ ಇರುವುದಿಲ್ಲ ಎಂದೆ, ನಿಯಮ ಹೇಳಿದೆ. ಅವರು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಅವರು ತಲೆಯಾಡಿಸಿ ಬಸ್ಸು ಹತ್ತಿದರು. ವಳಸಂಗ ಬರುವವರೆಗೂ ಮಗಳ ಕಾಲೇಜಿನ ಮಾತಾಡಿದರು.

ಪ್ಯಾನೆಲ್ ಬರುವಷ್ಟರಲ್ಲಿ ಬೇಸಿಗೆ ಕಳೆದು ಮಳೆಗಾಲವೂ ಮುಗಿದಿತ್ತು. ಈ ಸಲ ಕೋಣೆ ಪಾಸಾಯಿತು, ಸಹಿ ಮಾಡಿದೆ. ಆದರೆ ಅಕ್ಕನ ಜಾಗದಲ್ಲಿ ಬೇರೆ ಹುಡುಗಿ ಇದ್ದಳು. ಅಕ್ಕನಿಗೆ ಮಾಮೂಲಿ ಔಷಧಿಗೆ ಬಗ್ಗದ ಕ್ಷಯ ಆಗಿದೆ ಎಂದಳು. ಎಲ್ಲಿಂದ ಅಂಟಿತೆಂದು ಯಾರೂ ಖಚಿತವಾಗಿ ಹೇಳಲಾರರು ಎಂದು ಅಲ್ಲಿನ ಡಾಕ್ಟರು ನನ್ನ ಮುಖ ನೋಡಿ ತಾವಾಗಿಯೇ ಹೇಳಿದರು.

ಮನೆಗೆ ಮರಳುವಾಗ ವಳಸಂಗದಲ್ಲಿ ಇಳಿದೆ. ಅಕ್ಕ ಅಂಗಳದ ಬಿಸಿಲಿನಲ್ಲಿ ಕೂತಿದ್ದರು. ಮಣಿಕಟ್ಟಿನಿಂದ ಬಳೆ ಮೊಣಕೈವರೆಗೆ ಜಾರುತ್ತಿತ್ತು. ದೂರ ಕೂರುವಂತೆ ಕೈಸನ್ನೆ ಮಾಡಿದರು. ಕೋಣೆ ಪಾಸಾಯಿತೆಂದು ಹೇಳಿದೆ. ಹೊಸ ಹುಡುಗಿಗೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ವಿಚಾರಿಸಿದರು.

“ಅಕ್ಕಾ, ಅವತ್ತ ನಾ ಸಹಿ ಮಾಡಿದ್ರ...”

“ಆ ಮಾತ ಬಿಡು. ಚಹಾ ಕುಡೀತಿ ಏನ?”

ಮಗಳು ತಂದ ಚಹಾ ಕುಡಿದೆ. ಅದೇ ಕೊನೆಯ ಭೇಟಿ. ಎರಡು ತಿಂಗಳ ಮೇಲೆ ಅವರು ತೀರಿಕೊಂಡದ್ದನ್ನು ಬಸ್ಸಿನಲ್ಲಿ ಅವರ ಊರಿನವರೊಬ್ಬರು ಹೇಳಿದರು. ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಮತ್ತೆ ಆ ಮನೆಗೆ ಹೋದೆ. ಅವ್ವ ನಿಮ್ಮನ್ನು ಒಮ್ಮೆಯೂ ಬೈಯಲಿಲ್ಲ ಎಂದು ಮಗಳು ಹೇಳಿದಳು. ಪರೀಕ್ಷೆಯಲ್ಲಿ ಹೊಗೆ ಹಾಗೆ ತಿರುಗಿ ಬಂದರೆ ಇಂದಿಗೂ ನಾನು ಸಹಿ ಮಾಡುವುದಿಲ್ಲ. ಅದನ್ನು ಆ ಮಗಳ ಎದುರು ಹೇಳಲು ನನಗೆ ಬಾಯಿ ಬರಲಿಲ್ಲ.